ತೀರ್ಥಹಳ್ಳಿ ಕಡೆ ಸಣ್ಣ ಮದ್ವೆ ಮಾಡೋರಿಗೆ ಈ ಅಡುಗೆ ಭಟ್ರು ಸರಿ

ಬೇಸಿಗೆಲಿ ತಂಗಿ ಮದ್ವೆ ಮಂತ್ರ ಮಾಂಗಲ್ಯದಲ್ಲಿ, ಅಂದ್ರೆ ಕುವೆಂಪು ತೋರಿಸ್ಕೊಟ್ಟ ಸರಳ ಮದ್ವೆ ಪದ್ಧತಿಲಿ ಮಾಡಿದ್ವಿ, ಮನೆ ಅಂಗಳದಲ್ಲೇ ಚಪ್ಪರ ಹಾಕಿ ನೂರು ಜನಕ್ಕೆ ಊಟ. ಮೊದ್ಲು ರುಚಿ ವಿಷ್ಯ ಹೇಳ್ತೀನಿ. ಅಪ್ಪೆಹುಳಿ ಅಂದ್ರೆ ಅದು! ಜೀರಿಗೆ ಮಾವಿನ ಮಿಡಿ ಘಮ ಎಲೆ ಮುಂದೆ ಕೂರೋಕೆ ಮುಂಚೆನೇ ಮೂಗಿಗೆ ಬಡೀತಿತ್ತು, ಮೇಲೆ ಕೊಬ್ಬರಿ ಎಣ್ಣೆ ಒಗ್ಗರಣೆ, ಜನ ಲೋಟ ಇಸ್ಕೊಂಡು ಕುಡಿದ್ರು. ಎಳೆ ಹಲಸಿನಕಾಯಿ ಪಲ್ಯನೂ ಚೆನ್ನಾಗಿತ್ತು. ಪಾಯಸಕ್ಕೆ ಬೆಲ್ಲ ಜಾಸ್ತಿ ಆಗಿತ್ತು, ಎರಡನೇ ಪಂಕ್ತಿಗೆ ಹಪ್ಪಳ ಸಾಲ್ಲಿಲ್ಲ.

ಆದ್ರೆ ನಂಗೆ ಇವ್ರು ಇಷ್ಟ ಆಗಿದ್ದು ಬೇರೆ ಕಾರಣಕ್ಕೆ. ಇನ್ನೊಂದು ಕಡೆ ವಿಚಾರಿಸಿದಾಗ ನೂರು ಜನ ಅಂದ ಕೂಡ್ಲೇ "ಅಷ್ಟೇನಾ, ನೆಂಟ್ರು ಏನಂತಾರೆ" ಅಂದ್ರು. ಈ ಭಟ್ರು ಏನೂ ಕೇಳ್ಲಿಲ್ಲ, ಸಾಮಾನಿನ ಪಟ್ಟಿ ಬರ್ಕೊಟ್ಟು ಹೋದ್ರು.

ನಮ್ ಕಡೆ ಒಬ್ಬೊಬ್ರನ್ನೇ ಕೂರಿಸ್ಕೊಂಡು ಕೇಳಿ ನೋಡಿ, ಸಾಲ ಮಾಡಿ ಛತ್ರ ಹಿಡಿಯೋದು ಯಾರಿಗೂ ಬೇಕಿಲ್ಲ, ಅಡಿಕೆ ದುಡ್ಡೆಲ್ಲ ಮದ್ವೆಗೇ ಹೋಯ್ತು ಅಂತ ಗೋಳಾಡ್ತಾರೆ, ಅದೇ ನಾಲ್ಕು ಜನ ಸೇರಿದ್ರೆ "ಇರೋಳೊಬ್ಳು ಮಗಳು, ಗ್ರ್ಯಾಂಡಾಗೇ ಆಗ್ಬೇಕು" ಅಂತಾರೆ. ಪಕ್ಕದ ಮನೆಯೋರು ಆಡ್ಕೋತಾರೆ ಅಂತ ಇವ್ರು, ಇವ್ರು ಆಡ್ಕೋತಾರೆ ಅಂತ ಅವ್ರು, ಕೊನೆಗೆ ಇಬ್ರೂ ಸೊಸೈಟಿ ಸಾಲದಲ್ಲಿ. ಕುವೆಂಪು ಅವ್ರ ಊರು ಕುಪ್ಪಳಿ ಇರೋದು ನಮ್ ತಾಲೂಕಲ್ಲೇ. 1966ರಲ್ಲಿ ಅವ್ರು ಮಗ ತೇಜಸ್ವಿ ಮದ್ವೆನ ಹಿಂಗೇ ಮಾಡ್ಸಿದ್ರು, ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಗಂಡು ಹೆಣ್ಣು ಪ್ರತಿಜ್ಞೆ ಓದಿ ಹಾರ ಹಾಕ್ಕೊಳ್ಳೋದು ಅಷ್ಟೇ. ಅದನ್ನ ಹೊಗಳದೇ ಇರೋರು ನಮ್ಮೂರಲ್ಲಿ ಯಾರಿದಾರೆ? ಅವ್ರ ಮನೇಲಿ ಮದ್ವೆ ಬಂದಾಗ ಮಾತ್ರ ಸೀದಾ ಜೋಯಿಸ್ರ ಮನೆಗೆ ಹೋಗ್ತಾರೆ.

ತಿಂಗಳುಗಟ್ಲೆ ಬೇಡ ಅಂತ ಹಠ ಹಿಡಿದಿದ್ದ ದೊಡ್ಡಪ್ಪ ಊಟ ಆದ್ಮೇಲೆ ಕೈ ತೊಳೆಯೋ ಹತ್ರ ಬಂದು, ಅತ್ಲಾಗೆ ಇತ್ಲಾಗೆ ನೋಡಿ, "ನನ್ ಮಗಳದ್ದೂ ಹಿಂಗೇ ಮಾಡ್ಬೇಕು ಅಂತಿತ್ತು ಕಣೋ, ಧೈರ್ಯ ಸಾಲ್ಲಿಲ್ಲ" ಅಂದ್ರು. "ಈ ಮಾತನ್ನ ಪಂಕ್ತಿಲಿ ಕೂತಾಗ ಹೇಳ್ಬೇಕಿತ್ತು ದೊಡ್ಡಪ್ಪ, ಎರಡನೇ ಮಗಳದ್ದು ಇದೆಯಲ್ಲ, ಅದಕ್ಕಾದ್ರೂ ಹೇಳಿ" ಅಂದೆ. ನಂಗೆ ನಿಜಕ್ಕೂ ಸಂಕಟ ಆಯ್ತು, ಆ ಅಕ್ಕನ ಮದ್ವೆ ಸಾಲ ಇನ್ನೂ ತೀರಿಲ್ಲ.

ಭಟ್ರನ್ನ ಕರೆಯೋರು ಎರಡು ತಿಂಗಳು ಮುಂಚೆ ಹೇಳಿ, ಬೇಸಿಗೆಲಿ ಸಿಗೋದು ಕಷ್ಟ. ಪಾತ್ರೆ ಅವ್ರೇ ತರ್ತಾರೆ, ಸೌದೆ ನೀವು ಇಟ್ಟಿರ್ಬೇಕು. ಐವತ್ತು ಜನ ಅಂದ್ರೂ ಮುಖ ಸಿಂಡರಿಸಲ್ಲ.