ನಿಲ್ದಾಣದ ವೈಫೈಯೋ, ಕೆಫೆಯ ವೈಫೈಯೋ?

ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವವರಿಗೆ ರೈಲ್‌ಟೆಲ್ ಸಂಸ್ಥೆಯ ‘ರೈಲ್‌ವೈರ್’ ಸಂಪರ್ಕ ಸಿಗುತ್ತದೆ. ಮೊಬೈಲ್ ಸಂಖ್ಯೆ ನೀಡಿ, ಬಂದ ಒಟಿಪಿಯನ್ನು ನಮೂದಿಸಿದರೆ ದಿನದ ಮೊದಲ 30 ನಿಮಿಷ ಉಚಿತ, ಆಮೇಲೆ ಹಣ ಕೊಟ್ಟು ಮುಂದುವರಿಸಬೇಕು. ಉಚಿತ ಅವಧಿಯ ವೇಗ 1 ಎಂಬಿಪಿಎಸ್ ಆದ್ದರಿಂದ ಪಿಎನ್‌ಆರ್ ನೋಡಲು, ಸಂದೇಶ ಕಳುಹಿಸಲು ಸಾಕು; ವಿಡಿಯೊ ಸಭೆಗೆ ಸಾಲದು.

ಕೆಫೆಯಲ್ಲಿ ಗಲ್ಲಾದ ಬಳಿ ಪಾಸ್‌ವರ್ಡ್ ಕೇಳಿ ಪಡೆದರೆ ಸಮಯದ ಮಿತಿ ಸಾಮಾನ್ಯವಾಗಿ ಕಾಡುವುದಿಲ್ಲವಾದರೂ, ಒಂದೇ ರೂಟರನ್ನು ಎಲ್ಲ ಗಿರಾಕಿಗಳೂ ಹಂಚಿಕೊಳ್ಳುವುದರಿಂದ ಸಂಜೆಯ ಜನಸಂದಣಿಯಲ್ಲಿ ವೇಗ ಕುಸಿಯುತ್ತದೆ. ದೊಡ್ಡ ಕಡತ ಕಳುಹಿಸುವುದಿದ್ದರೆ, ಕಾಫಿಯ ಬೆಲೆ ತೆತ್ತಾದರೂ ಬೆಳಗಿನ ಹೊತ್ತಿನ ಕೆಫೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಎರಡು ಕಡೆಯೂ ಅದೇ ಹೆಸರಿನ ನಕಲಿ ಜಾಲವನ್ನು ಯಾರು ಬೇಕಾದರೂ ಹರಡಬಹುದಾದ್ದರಿಂದ, ಬ್ಯಾಂಕ್ ವ್ಯವಹಾರಕ್ಕೆ ದಯವಿಟ್ಟು ಸ್ವಂತ ಮೊಬೈಲ್ ಡೇಟಾವನ್ನೇ ಬಳಸಿ.