ಹೈಸ್ಕೂಲ್ ಮೈದಾನದ ಹಳೆ ಕಾರ್ ಶೋ: ಕ್ಯಾಡಿಲಾಕ್ ಒಂದಕ್ಕೇ ಹೋಗ್ಬೇಕು
ನಿನ್ನೆ ದಾವಣಗೆರೆ ಹೈಸ್ಕೂಲ್ ಮೈದಾನದ ಹಳೆ ಕಾರ್ ಶೋಗೆ, ಬೆಣ್ಣೆದೋಸೆ ತಿಂದು ಹಂಗೇ ಒಂದ್ ರೌಂಡ್ ಹಾಕೋಣ ಅಂತ ಹೋದೋನು 1959ರ ಕ್ಯಾಡಿಲಾಕ್ ಅನ್ನೋ ಅಮೆರಿಕನ್ ಕಾರ್ ಮುಂದೆ ಒಂದ್ ತಾಸು ನಿಂತ್ಬಿಟ್ಟೆ. ಏನ್ ಗಾಡಿ ರೀ ಅದು! ಹಿಂದೆ ರೆಕ್ಕೆ ಥರ ಎದ್ದಿರೋ ಫಿನ್ನು, ಅದ್ರಲ್ಲಿ ರಾಕೆಟ್ ಬೆಂಕಿ ಥರ ಜೋಡಿ ಕೆಂಪು ಲೈಟು, ಉದ್ದ ಸುಮಾರು 19 ಅಡಿ, 6.4 ಲೀಟರ್ ವಿ8 (ಎಂಟು ಸಿಲಿಂಡರ್) ಇಂಜಿನ್ನು, ಮಂಡಿಪೇಟೆ ಕಡೆ ತಂದ್ರೆ ತಿರುಗಿಸೋಕೇ ಜಾಗ ಸಾಲಲ್ಲ. ಸೆಲ್ಫ್ ಸ್ಟಾರ್ಟರ್‌ನ 1912ರ ಮಾಡೆಲ್‌ನಲ್ಲೇ ಕೊಟ್ಟ ಕಂಪನಿ ಇದು, ಅಲ್ಲೀವರ್ಗೂ ಹ್ಯಾಂಡಲ್ ಹೊಡೆದು ಕೈ ಮುರ್ಕೊಂಡೋರು ಎಷ್ಟೋ ಜನ. ಪಕ್ಕದ ಪ್ಯಾಕಾರ್ಡ್ ಕಾರ್ ಕೂಡ ಚಂದ, ಆದ್ರೆ ಕಣ್ಣು ಮತ್ತೆ ಇಲ್ಲಿಗೇ ಬರ್ತಿತ್ತು. ಒಂದೇ ಬೇಜಾರು, ನೆರಳಿಲ್ಲ, ಆ ಪೇಂಟ್ ಬಿಸ್ಲಲ್ಲಿ ಕಾಯೋದು ನೋಡಿ ಹೊಟ್ಟೆ ಉರೀತು. ಶಾಮಿಯಾನ ಹಾಕ್ಸಿ ಪ್ಲೀಸ್. ಬೆಳಗ್ಗೆ ಒಂಬತ್ತರೊಳಗೆ ಹೋಗಿ, ಕ್ರೋಮ್ ಫಳಫಳ ಅನ್ನತ್ತೆ.