ಎಂಟು ಶನಿವಾರದ ಸ್ಟಾರ್ ಕ್ಲಾಸ್: ಓದೋದಕ್ಕೆ ಸರಿ, ಬರೆಯೋದಕ್ಕೆ ಅಷ್ಟಕ್ಕಷ್ಟೇ

ಕಳೆದ ವರ್ಷ ಮಗ ಏಳನೇ ಗ್ರೇಡಿನಲ್ಲಿದ್ದಾಗ ಎಂಟು ಶನಿವಾರ ಅವನನ್ನು ಒಂದು ಇಂಗ್ಲಿಷ್ ಕ್ಲಾಸಿಗೆ ಬಿಟ್ಟು, ಅಲ್ಲೇ ಹಿಂದಿನ ಸಾಲಿನಲ್ಲಿ ಕೂತು, ಕರೆದುಕೊಂಡು ಬಂದಿದ್ದೇನೆ. ಅಮೆರಿಕದ ಟೆಕ್ಸಾಸ್ ರಾಜ್ಯ ಶಾಲೆ ಮಕ್ಕಳಿಗೆ ನಡೆಸುವ ಸ್ಟಾರ್ (STAAR) ಪರೀಕ್ಷೆಗೆ ತಯಾರಿ ಮಾಡಿಸುವ ಕ್ಲಾಸು. ಬೆಳಿಗ್ಗೆ ಹತ್ತರಿಂದ ಹನ್ನೆರಡು. ಒಟ್ಟು ಫೀಸು 320 ಡಾಲರ್. ಹೆಸರು ಹಾಕುತ್ತಿಲ್ಲ. ದೂರುಗಳಿವೆ, ಆದರೆ ಟೀಚರ್ ಒಳ್ಳೆಯವರು, ಅವರ ಹೊಟ್ಟೆಪಾಡಿಗೆ ಕಲ್ಲು ಹಾಕುವುದು ಬೇಡ. ಇಂಥ ಕ್ಲಾಸುಗಳು ಬೇಕಾದಷ್ಟಿವೆ, ಹೆಚ್ಚುಕಮ್ಮಿ ಒಂದೇ ಥರ ನಡೆಯುತ್ತವೆ. ದುಡ್ಡು ಕಟ್ಟುವ ಮೊದಲು ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ಮೊದಲು ಪರೀಕ್ಷೆ ಬಗ್ಗೆ ಎರಡು ಮಾತು. ಮೂರರಿಂದ ಎಂಟನೇ ಗ್ರೇಡಿನವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಆಗಲೇಬೇಕು ಅನ್ನುವುದು ಇಡೀ ಅಮೆರಿಕಕ್ಕೆ ಇರುವ ಕಾನೂನು. ಯಾವ ಪರೀಕ್ಷೆ ಅನ್ನುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಟೆಕ್ಸಾಸ್‌ನಲ್ಲಿ 2012ರಿಂದ ಸ್ಟಾರ್ ಇದೆ. 2023ರಲ್ಲಿ ಅದರ ರೂಪವೇ ಬದಲಾಯಿತು. ಈಗ ಎಲ್ಲ ಕಂಪ್ಯೂಟರ್ ಮೇಲೆ. ಬರೀ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಲ್ಲ. ಪ್ಯಾಸೇಜಿನೊಳಗೆ ಸರಿಯಾದ ವಾಕ್ಯದ ಮೇಲೇ ಕ್ಲಿಕ್ ಮಾಡಬೇಕು, ಎಳೆದು ತಂದು ಜೋಡಿಸಬೇಕು. ಕೆಲವು ಪ್ರಶ್ನೆಗಳಿಗೆ ಎರಡು ಭಾಗ: ಮೊದಲ ಭಾಗದಲ್ಲಿ ಉತ್ತರ, ಎರಡನೇ ಭಾಗದಲ್ಲಿ ಅದಕ್ಕೆ ಸಾಕ್ಷಿ ಯಾವ ಸಾಲು ಅಂತ ಹೇಳಬೇಕು. ಜೊತೆಗೆ ಎಲ್ಲ ಗ್ರೇಡಿನಲ್ಲೂ ಒಂದು ಉದ್ದದ ಪ್ರಬಂಧ. ಅದೂ ಸುಮ್ನೆ ತಲೆಯಿಂದ ಬರೆಯುವುದಲ್ಲ, ಓದಿದ ಪ್ಯಾಸೇಜಿನಿಂದ ಸಾಕ್ಷಿ ತೆಗೆದು ಬರೆಯುವುದು.

ನಾನು ಓದಿದ್ದು ಕನ್ನಡ ಮೀಡಿಯಂ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು. ನಮ್ಮ ಇಂಗ್ಲಿಷ್ ಪರೀಕ್ಷೆಯಲ್ಲಿ ಗೈಡು ಬಾಯಿಪಾಠ ಹೊಡೆದವರೇ ಜಾಣರು. ಅದೇ ಬುದ್ಧಿಯಲ್ಲಿ, ಎರಡು ತಿಂಗಳು ಉಜ್ಜಿದರೆ ಮಗನಿಗೂ ನಂಬರ್ ಬರುತ್ತದೆ ಅಂದುಕೊಂಡು ಸೇರಿಸಿದೆ. ಆರನೇ ಗ್ರೇಡಿನಲ್ಲಿ ಅವನಿಗೆ ಬಂದದ್ದು 'ಅಪ್ರೋಚಸ್'. ಅಂದರೆ ಪಾಸು, ಆದರೆ ದಡದ ಹತ್ತಿರ ಅಷ್ಟೇ. ಅದರ ಮೇಲೆ 'ಮೀಟ್ಸ್', ಎಲ್ಲಕ್ಕಿಂತ ಮೇಲೆ 'ಮಾಸ್ಟರ್ಸ್'.

ಚೆನ್ನಾಗಿದ್ದದ್ದನ್ನು ಮೊದಲು ಹೇಳುತ್ತೇನೆ. ಮೊದಲ ನಾಲ್ಕು ವಾರ ಬರೀ ಓದು. ಹದಿನಾಲ್ಕು ಮಕ್ಕಳು. ಟೀಚರ್ ಕೈಯಲ್ಲಿ ಒಂದೇ ಪ್ಯಾಸೇಜು, ಎರಡು ಪುಟ. ಉತ್ತರ ಸರಿ ಇದ್ದರೂ "ಸರಿ" ಅನ್ನುತ್ತಿರಲಿಲ್ಲ. "ಎಲ್ಲಿದೆ?" ಅನ್ನುತ್ತಿದ್ದರು. ಮಗು ಪ್ಯಾರಾ ನಂಬರ್ ಹೇಳಬೇಕು, ಸಾಲಿನ ಮೇಲೆ ಬೆರಳಿಡಬೇಕು. ಬೆರಳು ಇಡುವವರೆಗೆ ಮುಂದಿನ ಪ್ರಶ್ನೆ ಇಲ್ಲ. ಮೊದಲ ದಿನ ಹದಿನಾಲ್ಕೂ ಮಕ್ಕಳು ತಲೆ ಮೇಲೆತ್ತಿ ಸೂರಿನಲ್ಲಿ ಉತ್ತರ ಹುಡುಕುತ್ತಿದ್ದರು. ಮೂರನೇ ವಾರಕ್ಕೆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಹದಿನಾಲ್ಕು ಬೆರಳು ಹಾಳೆಯ ಮೇಲೆ. ನೋಡೋದಕ್ಕೇ ಒಂಥರಾ ಖುಷಿ.

ಇನ್ನೊಂದು ಅಭ್ಯಾಸ ನನಗೆ ತುಂಬಾ ಹಿಡಿಸಿತು. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿದರೆ ಮುಗಿಯಲಿಲ್ಲ. ಉಳಿದ ಮೂರರ ಪಕ್ಕ ಯಾಕೆ ಅಲ್ಲ ಅಂತ ಎರಡೆರಡು ಪದದಲ್ಲಿ ಬರೆಯಬೇಕು. "ಪ್ಯಾಸೇಜಿನಲ್ಲಿ ಇಲ್ಲ." "ಇದೆ, ಆದರೆ ಬೇರೆಯವರು ಹೇಳಿದ್ದು." "ನಿಜ, ಆದರೆ ಪ್ರಶ್ನೆ ಅದಲ್ಲ." ಈ ಮೂರನೆಯದೇ ನನ್ನ ಮಗನ ರೋಗ. ಓದುವಾಗ ಏನೋ ಒಂದು ಹೌದು ಅನ್ನಿಸಿದರೆ ಸಾಕು, ಅದನ್ನೇ ಒತ್ತಿಬಿಡುತ್ತಿದ್ದ. ಒಂದು ಸಲ ಇವನು ತಪ್ಪು ಉತ್ತರ ಆರಿಸಿದ್ದ. ಅದರ ಪಕ್ಕ "ಯಾಕೆ ಹೌದು" ಅಂತ ಬರಿ ಅಂದರು. ಐದು ನಿಮಿಷ ಪೆನ್ಸಿಲ್ ಕಚ್ಚಿ, ತಾನೇ ಅಳಿಸಿ, ಬೇರೆಯದಕ್ಕೆ ಗುರುತು ಹಾಕಿದ. ಟೀಚರ್ ಬಾಯಿ ಬಿಡಲೇ ಇಲ್ಲ. ಹಾಗೆ ಸುಮ್ಮನಿರುವುದು ನನ್ನ ಕೈಲಂತೂ ಆಗುತ್ತಿರಲಿಲ್ಲ.

ಐದನೇ ವಾರದಿಂದ ಬರವಣಿಗೆ. ಅಲ್ಲಿಗೆ ಕ್ಲಾಸು ಸೊರಗಿತು.

ಕಲಿಸಿದ್ದು 'ರೇಸ್' ಅನ್ನುವ ಸೂತ್ರ. ಪ್ರಶ್ನೆಯನ್ನೇ ತಿರುಗಿಸಿ ವಾಕ್ಯ ಮಾಡು, ಉತ್ತರ ಹೇಳು, ಪ್ಯಾಸೇಜಿನ ಸಾಲು ತೋರಿಸು, ಅದನ್ನು ವಿವರಿಸು. ಇಲ್ಲಿನ ಶಾಲೆಗಳಲ್ಲೂ ಇದನ್ನು ಹೇಳಿಕೊಡುತ್ತಾರೆ. ಎರಡು ಮೂರು ಸಾಲಿನ ಉತ್ತರಕ್ಕೆ ಇದು ಚೆನ್ನಾಗಿದೆ, ಏನೂ ತೋಚದ ಮಗುವಿಗೂ ಶುರು ಮಾಡಲು ಒಂದು ದಾರಿ ಸಿಗುತ್ತದೆ. ಉದ್ದದ ಪ್ರಬಂಧಕ್ಕೂ ಅದನ್ನೇ ನಾಲ್ಕು ಸಲ ಮಡಚಿ ಕೊಟ್ಟರೆ? ಹದಿನಾಲ್ಕು ಮಕ್ಕಳ ಹಾಳೆಯಲ್ಲೂ ಪ್ರತಿ ಪ್ಯಾರಾ "ದಿ ಆಥರ್ ಸ್ಟೇಟ್ಸ್" ಅಂತಲೇ ಶುರು. ಒಂದೇ ಅಚ್ಚಿನಲ್ಲಿ ಒತ್ತಿದ ಇಡಿಯಪ್ಪದ ಹಾಗೆ.

ಇಲ್ಲೇ ಮಗನ ಜಗಳ ಆಗಿದ್ದು. ಆ ವಾರದ ಕಥೆಯಲ್ಲಿ ಒಬ್ಬ ಹುಡುಗಿ ಇದ್ದಳು. ಊರು ಬದಲಾಗಿದೆ, ವಯಲಿನ್ ಮುಟ್ಟುವುದಿಲ್ಲ ಅಂತಾಳೆ. ಅಪ್ಪನಿಗೆ ಅವಳು ಸ್ಪರ್ಧೆಗೆ ಹೋಗಲಿ ಅಂತ ಆಸೆ. ಪ್ರಶ್ನೆ: ಹುಡುಗಿ ಹೇಗೆ ಬದಲಾಗುತ್ತಾಳೆ, ವಿವರಿಸಿ. ಎಲ್ಲರೂ ಅವಳು ಧೈರ್ಯವಂತೆ ಆದಳು ಅಂತ ಬರೆದರು. ಇವನು ಬರೆದದ್ದು, ಅವಳು ಬದಲಾಗಲೇ ಇಲ್ಲ, ಬದಲಾದದ್ದು ಅಪ್ಪ. ಹಾಳೆ ವಾಪಸ್ ಬಂದಾಗ ಮೇಲೆ ಕೆಂಪು ಶಾಯಿಯಲ್ಲಿ "ಪ್ರಶ್ನೆಗೆ ಉತ್ತರ ಇಲ್ಲ" ಅಂತ ಮಾತ್ರ ಇತ್ತು.

ಕಾರಿನಲ್ಲಿ ಮುಖ ಊದಿಸಿಕೊಂಡು ಕೂತ. "ಅಮ್ಮಾ, ಮೂರನೇ ಪ್ಯಾರಾದಲ್ಲಿ ವಯಲಿನ್ ಮಂಚದ ಕೆಳಗೆ ಇದೆ. ಹದಿನಾಲ್ಕನೇ ಪ್ಯಾರಾದಲ್ಲೂ ಅಲ್ಲೇ ಇದೆ. ಅಪ್ಪ ಕೇಳೋದು ನಿಲ್ಲಿಸಿದ, ಅಷ್ಟೇ. ಬೇಕಾದ್ರೆ ನೋಡು." ಸಿಗ್ನಲ್‌ನಲ್ಲಿ ನಿಂತಾಗ ನೋಡಿದೆ. ಹೌದು, ಅಲ್ಲೇ ಇತ್ತು. ಬೆರಳು ಇಡುವುದನ್ನು ಕಲಿಸಿದ್ದು ಅವರೇ ಅಲ್ವಾ?

ಮುಂದಿನ ಶನಿವಾರ ಕ್ಲಾಸು ಮುಗಿದ ಮೇಲೆ ಕೇಳಿದೆ, "ಟೀಚರ್, ಇದು ನಿಜವಾಗಲೂ ತಪ್ಪಾ?" ಅವರು ಬಾಗಿಲ ಹತ್ತಿರ ನಿಂತೇ ಹಾಳೆಯನ್ನು ಮತ್ತೆ ಓದಿದರು. ಈ ಸಲ ಪೂರ್ತಿ ಓದಿದರು ಅಂತ ನನಗೆ ಅನ್ನಿಸಿತು. ಆಮೇಲೆ ಮಗನ ಕಡೆ ತಿರುಗಿ ಹೇಳಿದರು, ನೀನು ಹೇಳುವುದು ಸರಿ ಇದೆ, ಆದರೆ ಪ್ರಶ್ನೆ ಹುಡುಗಿಯದ್ದು. ಅವಳು ಬದಲಾಗದೇ ಗಟ್ಟಿಯಾಗಿ ನಿಂತದ್ದಕ್ಕೇ ಅಪ್ಪ ಬದಲಾದ ಅಂತ ಮೊದಲ ಸಾಲಿನಲ್ಲೇ ಹೇಳು. ಆಗ ಪ್ರಶ್ನೆಯೂ ಬಂತು, ನಿನ್ನ ಮಾತೂ ಬಂತು. ಇವನು ಅಲ್ಲೇ ಗೋಡೆಗೆ ಹಾಳೆ ಒತ್ತಿ ಮೊದಲ ಸಾಲು ತಿದ್ದಿದ.

320 ಡಾಲರಿಗೆ ನಮಗೆ ದಕ್ಕಿದ್ದು ಆ ಐದು ನಿಮಿಷ. ಅದೂ ನಾನು ಕೇಳಿದ್ದಕ್ಕೆ. ಎಂಟು ವಾರದಲ್ಲಿ ಬರೆಸಿದ್ದು ಮೂರು ಪ್ರಬಂಧ, ಟೀಚರ್ ಏನಾದರೂ ಬರೆದು ವಾಪಸ್ ಕೊಟ್ಟದ್ದು ಇದೊಂದೇ. ಆದ್ದರಿಂದ ಯಾವ ಕ್ಲಾಸಿಗೆ ಸೇರಿಸಿದರೂ, ಎಷ್ಟು ಪ್ಯಾಸೇಜು ಮಾಡಿಸುತ್ತೀರಿ ಅಂತ ಕೇಳಬೇಡಿ. ನನ್ನ ಮಗು ಎಷ್ಟು ಸಲ ಬರೆಯುತ್ತೆ, ಅದನ್ನು ಯಾರು ಓದುತ್ತಾರೆ ಅಂತ ಕೇಳಿ. ಶಾಲೆಯಲ್ಲಿ ಒಬ್ಬ ಟೀಚರಿಗೆ ನೂರಕ್ಕೂ ಜಾಸ್ತಿ ಮಕ್ಕಳಿರುತ್ತಾರೆ, ಅವರನ್ನು ದೂರುವ ಹಾಗಿಲ್ಲ. ಹದಿನಾಲ್ಕು ಮಕ್ಕಳ ಕ್ಲಾಸಿಗೆ ಆ ನೆಪ ಇಲ್ಲ.

ಪರೀಕ್ಷೆಯಲ್ಲಿ ಪ್ರಬಂಧಕ್ಕೆ 10 ಪಾಯಿಂಟು. ವಿಚಾರ ಮತ್ತು ಜೋಡಣೆಗೆ ಹೆಚ್ಚು ಪಾಲು, ವ್ಯಾಕರಣ, ಕಾಗುಣಿತಕ್ಕೆ ಉಳಿದದ್ದು. ವಿಚಾರಕ್ಕೆ ಸೊನ್ನೆ ಬಂದರೆ ವ್ಯಾಕರಣ ಎಷ್ಟೇ ಚೊಕ್ಕವಾಗಿದ್ದರೂ ಅದಕ್ಕೂ ಸೊನ್ನೆ. ಇದನ್ನು ನಾನು ತಿಳಿದದ್ದು ರಾಜ್ಯದ ಶಿಕ್ಷಣ ಇಲಾಖೆ ಹಾಕಿರುವ ಕಾಗದಗಳಿಂದ. ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ಅಲ್ಲಿ ಎರಡು ಪೂರ್ತಿ ಶನಿವಾರ ಕಾಮಾಕ್ಕೆ ಹೋಯಿತು. ಕಾಮಾ ಬೇಡ ಅಂತಲ್ಲ. ಆದರೆ ಎರಡು ಶನಿವಾರ!

ಈಗ ಬರಹದ ಉತ್ತರಗಳನ್ನು ಮೊದಲು ನೋಡುವುದು ಕಂಪ್ಯೂಟರು, ಸುಮಾರು ಕಾಲು ಭಾಗ ಮಾತ್ರ ಮನುಷ್ಯರ ಕೈಗೆ ಹೋಗುತ್ತದೆ. ಯಂತ್ರ ಓದುವುದಾದರೆ ಅಚ್ಚೇ ಸೇಫ್ ಅಂತ ಕೆಲವು ಅಪ್ಪ ಅಮ್ಮಂದಿರು ಪಾರ್ಕಿಂಗಿನಲ್ಲಿ ವಾದ ಮಾಡುತ್ತಿದ್ದರು. ಇರಬಹುದು. ನನಗೆ ಆ ವಾದ ಇಷ್ಟವಾಗಲಿಲ್ಲ, ಅಷ್ಟೇ.

ಇನ್ನು ದೊಡ್ಡ ದೂರು. ಎಂಟು ವಾರವೂ ಎಲ್ಲ ಕಾಗದದ ಮೇಲೆ! ಪರೀಕ್ಷೆ ಕಂಪ್ಯೂಟರಿನಲ್ಲಿ, ಇಲ್ಲಿ ಪೆನ್ಸಿಲಿನಲ್ಲಿ ಗುಂಡಿ ತುಂಬಿಸುವ ಹಳೇ ಹಾಳೆ. ನನ್ನ ಮಗ ಎರಡು ಬೆರಳಲ್ಲಿ ಟೈಪ್ ಮಾಡುವವನು. ಕೈಯಲ್ಲಿ ಇಪ್ಪತ್ತು ನಿಮಿಷದಲ್ಲಿ ಬರೆಯುವುದನ್ನು ಟೈಪ್ ಮಾಡಲು ಒಂದು ಗಂಟೆ ಬೇಕಾಯಿತು. ಪ್ಯಾಸೇಜು ಎಡಗಡೆ, ಪ್ರಶ್ನೆ ಬಲಗಡೆ. ಮೇಲೆ ಕೆಳಗೆ ಉರುಳಿಸುತ್ತಾ ಸಾಲು ಹುಡುಕಬೇಕು. ಹಾಳೆಯ ಮೇಲೆ ಇಟ್ಟ ಬೆರಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಹೈಲೈಟ್ ಮಾಡುವ ಬಟನ್ ಎಲ್ಲಿದೆ ಅಂತ ಗೊತ್ತಿರಬೇಕು. ಇದನ್ನು ಕಂಡುಕೊಂಡದ್ದು ಆರನೇ ವಾರದಲ್ಲಿ, ಇಲಾಖೆಯ ಪ್ರಾಕ್ಟೀಸ್ ಟೆಸ್ಟನ್ನು ಮನೆಯಲ್ಲಿ ತೆಗೆದಾಗ. ಅದು ಪುಕ್ಕಟೆ. ನಿಜವಾದ ಪರೀಕ್ಷೆಯ ಹಾಗೇ ಕಾಣುತ್ತದೆ. ಹಳೇ ವರ್ಷದ ಪ್ರಶ್ನೆಗಳೂ ಸಿಗುತ್ತವೆ. ದುಡ್ಡು ಕಟ್ಟುವ ಮೊದಲೇ ಒಂದು ಭಾನುವಾರ ಇದನ್ನು ಮಾಡಿಸಿ ನೋಡಿ. ಮಗು ಎಡವುವುದು ಓದಿನಲ್ಲಾ, ಬರವಣಿಗೆಯಲ್ಲಾ, ಕೀಬೋರ್ಡಿನಲ್ಲಾ ಅಂತ ಅಲ್ಲೇ ತಿಳಿಯುತ್ತದೆ. ಕೀಬೋರ್ಡಿನಲ್ಲಾದರೆ ಕ್ಲಾಸೇ ಬೇಡ.

ಯಾರಿಗೆ ಈ ಕ್ಲಾಸು ಆಗಿಬರುತ್ತದೆ? ಅವಸರದಲ್ಲಿ ಓದುವ, ಅರ್ಧ ಓದಿ ಉತ್ತರ ಒತ್ತುವ ಮಗುವಿಗೆ. ಪುಸ್ತಕದೊಳಗೇ ಮುಳುಗಿರುವ ಮಗುವಿಗೆ ಬೇಡ, ಬೇಜಾರಾಗುತ್ತೆ. ನಮ್ಮ ಜೊತೆ ಒಬ್ಬಳು ಹುಡುಗಿ ಹಾಗೇ ಇದ್ದಳು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಸಿ ಮೇಜಿನ ಕೆಳಗೆ ಕಾದಂಬರಿ ಓದುತ್ತಿದ್ದಳು. ಅವಳಿಗೆ ಅದೇ ಒಳ್ಳೆಯ ತಯಾರಿ ಅನ್ನಿ. ಇಂಗ್ಲಿಷೇ ಹೊಸದಾಗಿರುವ ಮಕ್ಕಳಿಗೂ ಬೇಡ. ಊರಿಂದ ಬಂದು ವರ್ಷ ಆಗಿರದ ಒಬ್ಬ ಹುಡುಗ ಎಂಟು ವಾರ ಪಕ್ಕದವನ ಬೆರಳು ನೋಡಿ ತನ್ನ ಬೆರಳು ಇಟ್ಟ. ಅವನಿಗೆ ಬೇಕಿದ್ದದ್ದು ಪದಗಳು, ಪರೀಕ್ಷೆಯ ಉಪಾಯಗಳಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಓದಿಗೆ ನಾಲ್ಕೂವರೆ, ಬರವಣಿಗೆಗೆ ಎರಡು, ಕಂಪ್ಯೂಟರ್ ಇಲ್ಲದ್ದಕ್ಕೆ ಉಳಿದ ಕಡಿತ.

ರಿಸಲ್ಟ್ ಜೂನ್‌ನಲ್ಲಿ ಬಂತು. ಮೀಟ್ಸ್. ಪ್ರಬಂಧಕ್ಕೆ 10ಕ್ಕೆ 7. ಕ್ಲಾಸಿನಿಂದ ಎಷ್ಟು, ಒಂದು ವರ್ಷ ದೊಡ್ಡವನಾದದ್ದರಿಂದ ಎಷ್ಟು, ಲೆಕ್ಕ ಹಾಕಲು ಆಗುವುದಿಲ್ಲ. ರಿಸಲ್ಟ್ ನೋಡುವ ಪೋರ್ಟಲ್‌ನಲ್ಲಿ ಮಗು ಬರೆದ ಪ್ರಬಂಧವನ್ನೇ ತೆಗೆದು ಓದಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ತಪ್ಪದೆ ನೋಡಿ. ನಾನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಮೊದಲ ಪ್ಯಾರಾ ಅದೇ ಅಚ್ಚು. ಎರಡನೆಯದೂ ಅದೇ. ಮೂರನೆಯದರಲ್ಲಿ ಒಂದು ಕಡೆ "ದಿ ಆಥರ್ ಸ್ಟೇಟ್ಸ್" ಬಿಟ್ಟು "ನನಗೆ ಹೀಗೆ ಕಾಣುತ್ತದೆ, ಯಾಕೆಂದರೆ ಆರನೇ ಪ್ಯಾರಾದಲ್ಲಿ" ಅಂತ ಶುರು ಮಾಡಿದ್ದ. ಯಾಕೋ ಅಂದೆ. ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು, ಅಚ್ಚು ಮರೆತುಹೋಯ್ತು ಅಂದ.

ಮಗಳು ಈಗ ಆರನೇ ಗ್ರೇಡು. ಅವಳಿಗೆ ಮೊದಲ ನಾಲ್ಕು ವಾರ ಮಾತ್ರ ಸಾಕು, ಅರ್ಧ ಫೀಸು ಕಟ್ಟುತ್ತೇನೆ ಅಂತ ಕೇಳಿದ್ದೇನೆ. ಇನ್ನೂ ಒಪ್ಪಿಲ್ಲ.